ಕಣ್ಣೊಳಗಿನ ಎರಡು ಚೌಕ

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಸ್ಟುಡಿಯೊ ಕೆಲಸದ ಬೇಜಾರು ಹೇಳಿಕೊಂಡಾಗ ನಾನು "ಹೊಟ್ಟೆಪಾಡಿನ ಕೆಲಸದಲ್ಲಿ ಖುಷಿ ಯಾಕೆ ಹುಡುಕ್ತೀಯ" ಅಂದುಬಿಟ್ಟೆ. ತಪ್ಪಾಯಿತು. ನೀನು ಫೋನ್ ಇಟ್ಟ ಮೇಲೆ, ನೀನು ತೆಗೆದು ಮೊನ್ನೆ ಕಳಿಸಿದ್ದ ಕಾಲೇಜು ಹುಡುಗಿಯರ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಮೈಬಣ್ಣ ಸರಿಯಾಗಿದೆ, ಒಂದೂ ಅಲುಗಿಲ್ಲ, ಕಪ್ಪು ಗೌನಿನ ಮಡಿಕೆ ಕೂಡ ಎಣಿಸಬಹುದು. ಹೆಮ್ಮೆಯಾಯಿತು. ಆದರೆ ಆ ಕಣ್ಣುಗಳು! ಎಲ್ಲರ ಕಣ್ಣಲ್ಲೂ ಅದೇ ಎರಡು ಬಿಳಿ ಚೌಕ. ಗಡಿಯಾರದಲ್ಲಿ ಹತ್ತು ಇರುವ ಕಡೆ ಒಂದು, ಎರಡು ಇರುವ ಕಡೆ ಇನ್ನೊಂದು.

ಅದು ನಿನ್ನ ಸಾಫ್ಟ್‌ಬಾಕ್ಸುಗಳ, ಅಂದರೆ ಬಿಳಿ ಬಟ್ಟೆ ಹೊದಿಸಿದ ಫ್ಲ್ಯಾಷ್ ದೀಪಗಳ, ಪ್ರತಿಬಿಂಬ. ಎಡಕ್ಕೊಂದು ಬಲಕ್ಕೊಂದು, ಎರಡಕ್ಕೂ ಒಂದೇ ಪವರ್. ಯಾಕೆ ಹಾಗಿಡುತ್ತೀಯ ಅಂತ ಗೊತ್ತು. ಹೊರಗೆ ಸಾಲು ನಿಂತಿರುತ್ತದೆ, ಯಾರು ಹೇಗೆ ಕೂತರೂ ಮುಖದ ಮೇಲೆ ನೆರಳು ಬೀಳುವುದಿಲ್ಲ, ಯಾರೂ ತಕರಾರು ಮಾಡುವುದಿಲ್ಲ. 35×45 ಮಿ.ಮೀ. ಪಾಸ್‌ಪೋರ್ಟ್ ಫೋಟೊಗೆ ಅದೇ ಸರಿ. ಆದರೆ ನೆರಳು ಹೋದರೆ ಮೂಗಿನ ಎತ್ತರ, ಕೆನ್ನೆಯ ತಗ್ಗು ಎಲ್ಲ ಹೋಗುತ್ತದೆ. ನೀನು ನೋಡಿ ತೀರ್ಮಾನ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ನಿನ್ನ ಬೇಜಾರು ಅಲ್ಲಿಂದ ಶುರುವಾಗಿದೆ. ನನ್ನ ಹೆದರಿಕೆ ದುಡ್ಡಿನದಲ್ಲ, ನೀನು ನೋಡುವುದನ್ನೇ ಬಿಟ್ಟುಬಿಡುತ್ತೀಯ ಅನ್ನುವುದು.

ಕೆಲಸ ಮುಗಿದ ಮೇಲೆ, ಕೂತವರಿಗೆ ಅವಸರವಿಲ್ಲದಿದ್ದರೆ, ಐದು ನಿಮಿಷ ಕೇಳಿಕೋ. ಒಂದು ದೀಪ ಆರಿಸು. ಇನ್ನೊಂದನ್ನು ಮುಖದಿಂದ ಮೂರಡಿ ದೂರ, ನಲವತ್ತೈದು ಡಿಗ್ರಿ ಓರೆಗೆ, ಕಣ್ಣಿಗಿಂತ ಸ್ವಲ್ಪ ಮೇಲಿಡು. ಆಮೇಲೆ ಕ್ಯಾಮೆರಾ ಮುಟ್ಟದೆ, ಫ್ಲ್ಯಾಷ್ ಹೊಡೆಯುವ ಮೊದಲೇ ಉರಿಯುತ್ತಿರುವ ಮಾಡೆಲಿಂಗ್ ಲ್ಯಾಂಪಿನ ಬೆಳಕಲ್ಲಿ ಆಚೆ ಕೆನ್ನೆಯನ್ನೇ ನೋಡುತ್ತಾ ದೀಪವನ್ನು ಅಂಗುಲಂಗುಲ ಪಕ್ಕಕ್ಕೆ ಸರಿಸು. ಒಂದು ಹಂತದಲ್ಲಿ ಮೂಗಿನ ನೆರಳು ಕೆನ್ನೆಯ ನೆರಳಿಗೆ ಹೋಗಿ ಸೇರುತ್ತದೆ, ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋನ ಉಳಿಯುತ್ತದೆ. ಒಬ್ಬೊಬ್ಬರ ಮೂಗಿಗೆ ಒಂದೊಂದು ಜಾಗ. ದೀಪ ತೀರಾ ಮೇಲೆ ಹೋದರೆ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ, ಆ ಬಿಳಿ ಚುಕ್ಕಿಯೂ ಮಾಯ. ಕನ್ನಡಕ ಹಾಕಿದವರಾದರೆ ಗಾಜಿನಲ್ಲಿ ಸಾಫ್ಟ್‌ಬಾಕ್ಸ್ ಕೂತುಬಿಡುತ್ತದೆ. ಗಲ್ಲ ಒಂಚೂರು ತಗ್ಗಿಸಲು ಹೇಳು, ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಕೂದಲೆಳೆಯಷ್ಟು ಎತ್ತು, ಗಾಜು ಕೆಳಮುಖವಾಗುತ್ತದೆ. ನೆರಳಿನ ಕಡೆ ತೀರಾ ಕಪ್ಪಾದರೆ ಬೆಳಕು ವಾಪಸು ಬೀಳುವ ಹಾಗೆ ಆ ಕಡೆಗೆ ಥರ್ಮಾಕೋಲ್ ಶೀಟು ಹಿಡಿ. ಒಂದೂವರೆ ಅಡಿಗಿಂತ ಹತ್ತಿರ ತಂದರೆ ಮತ್ತೆ ಮೊದಲಿನ ಚಪ್ಪಟೆ ಮುಖವೇ.

ನಿನ್ನ ಬಿಳಿ ಗೋಡೆ ಇದೆಯಲ್ಲ, ಹಿನ್ನೆಲೆಯ ಬಟ್ಟೆ ಬದಲಿಸದೆ ಅದನ್ನೇ ಬೂದಿಬಣ್ಣಕ್ಕೆ ತರಬಹುದು. ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ, ಮೂರು ಪಟ್ಟಾದರೆ ಒಂಬತ್ತರಲ್ಲೊಂದು. ಅವರನ್ನು ಗೋಡೆಯಿಂದ ಆರಡಿ ಮುಂದೆ ಕೂರಿಸಿದರೆ ದೀಪದಿಂದ ಗೋಡೆಗೆ ಒಂಬತ್ತಡಿ, ಮುಖಕ್ಕಿಂತ ಮೂರು ಪಟ್ಟು ದೂರ. ಗೋಡೆಗೆ ಹೆಚ್ಚುಕಡಿಮೆ ಮೂರು ಸ್ಟಾಪ್ ಕಡಿಮೆ ಬೆಳಕು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಸ್ಟೂಲನ್ನು ಹಿಂದೆ ಮುಂದೆ ಸರಿಸಿ ನೋಡು, ಗೋಡೆ ಕಣ್ಣೆದುರೇ ಬಣ್ಣ ಬದಲಿಸುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

85 ಎಂಎಂ ಲೆನ್ಸಿನ ಬೆಳಕಿನ ಕಿಂಡಿಯನ್ನು (ಅಪರ್ಚರ್) ಸದಾ 1.8ರಲ್ಲೇ ಅಗಲವಾಗಿ ತೆರೆದಿಡಬೇಡ. ಐದಡಿ ದೂರದಲ್ಲಿ ಒಂದೂವರೆ ಇಂಚೂ ಶಾರ್ಪ್ ಸಿಗುವುದಿಲ್ಲ, ಮುಖ ಓರೆಯಾದರೆ ಒಂದು ಕಣ್ಣು ಮಂಜು. ಕಿಂಡಿ ಕಿರಿದು ಮಾಡಿ 4ಕ್ಕೆ ತಂದರೆ ಮೂರು ಇಂಚು ಸಿಗುತ್ತದೆ. ಫೋಕಸ್ ಹತ್ತಿರದ ಕಣ್ಣಿಗೆ. ಭಾನುವಾರ ಅದೂ ಬೇಡ, 50 ಎಂಎಂ ಒಂದನ್ನೇ ಹಾಕಿಕೊಂಡು ಹೋಗು, ಹಳೇ ರೀಲಿನ ಹಾಗೆ 36 ಫ್ರೇಮಿಗೆ ನಿಲ್ಲಿಸು. ಹೂ ಕಟ್ಟುವವರ ಬೆರಳು ತೆಗಿ, ದರ್ಜಿಯ ಕಿಟಕಿ ತೆಗಿ. ಅವರನ್ನು ಕೇಳಿಯೇ ತೆಗಿ, ಪ್ರಿಂಟು ಹಾಕಿಸಿ ಅವರ ಕೈಗೆ ಕೊಡು. ಕಾರ್ಡ್ ಖಾಲಿ ಮಾಡುವ ಮೊದಲು ಎರಡು ಕಡೆ ಕಾಪಿ ಇಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೋಡು, ಉಪದೇಶ ಬೇಡ ಅಂದುಕೊಂಡೇ ಕೂತಿದ್ದೆ.

ಮೈಸೂರಿನ ಫೋಟೊ ಪತ್ರಕರ್ತ ಟಿ. ಎಸ್. ಸತ್ಯನ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಚಿತ್ರಗಳನ್ನು ತೆಗೆದರು. ಅದೂ ವಹಿಸಿಕೊಂಡ ಕೆಲಸವೇ. ಅವರ ಕಪ್ಪುಬಿಳುಪು ಚಿತ್ರಗಳಲ್ಲಿರುವ ಸಾಮಾನ್ಯ ಜನರ ಮುಖಗಳನ್ನು ಒಮ್ಮೆ ನಿಧಾನವಾಗಿ ನೋಡು. ನಿನ್ನೆ ನಾನಾಡಿದ ಮಾತು ಎಷ್ಟು ತಪ್ಪು ಅಂತ ಅವುಗಳೇ ಹೇಳುತ್ತವೆ.

ಈ ವಾರ ಒಂದೇ ಒಂದು ಫೋಟೊ ಕಳಿಸು, ಒಂದೇ ದೀಪದ್ದು. ವಾಟ್ಸಾಪಿನಲ್ಲಿ ಫೋಟೊ ಅಂತ ಹಾಕಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಹಾಕು. ಕಣ್ಣು ದೊಡ್ಡದು ಮಾಡಿ ನೋಡಬೇಕು ನಾನು.

ಅಮ್ಮ