ಪುಟ್ಟಿಗೆ, ಸಕಲೇಶಪುರದಿಂದ

ಚಿ. ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆ ಸಮಾಚಾರವನ್ನೆಲ್ಲ ಅತ್ತಿಗೆ ಫೋನಿನಲ್ಲಿ ಹೇಳಿರ್ತಾರೆ, ಅದನ್ನ ಬಿಡ್ತೀನಿ. ಎರಡು ಪುಟ ಪೈಥಾನ್ ಭಾಷೆಯಲ್ಲಿ ಬರೀತಿರೋ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಬರೆದು, ಕೊನೆಗೆ ಸಣ್ಣ ಅಕ್ಷರದಲ್ಲಿ "ಆಫೀಸಲ್ಲಿ ಯಾರನ್ನೂ ಕೇಳಿಲ್ಲ ಚಿಕ್ಕಪ್ಪ, ಕೇಳಿದ್ರೆ ನಂಗೆ ಏನೂ ಬರಲ್ಲ ಅಂತ ಗೊತ್ತಾಗಿಬಿಡುತ್ತೆ" ಅಂತ ಸೇರಿಸಿದ್ದೀಯಲ್ಲ, ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪ್ರೋಗ್ರಾಂ ವಿಷಯ ಮೊದಲು ಹೇಳಿಬಿಡ್ತೀನಿ. ದಿನದ ಕೆಲಸ ಮುಗಿದ ಮೇಲೆ ಕೂತು ಕಲಿತವನು ನಾನು, ತೋಟದ ಕೊಯ್ಲಿನ ಲೆಕ್ಕಕ್ಕೆ ಎಷ್ಟು ಬೇಕೋ ಅಷ್ಟೇ ಗೊತ್ತಿರೋದು. ಮೂರು ಖಾಲಿ ಪಟ್ಟಿ ಬೇಕು ಅಂತ [[]] * 3 ಬರೆದೆ, ಒಂದಕ್ಕೆ ಸೇರಿಸಿದ್ದು ಮೂರರಲ್ಲೂ ಕಾಣಿಸ್ತು, ನನ್ನ ತಲೆಯೇ ಕೆಟ್ಟಿದೆ ಅನ್ನಿಸ್ತು ಅಂದಿದ್ದೀಯ. ಕೆಟ್ಟಿಲ್ಲ. ಅಲ್ಲಿರೋದೇ ಒಂದು ಪಟ್ಟಿ. ಒಂದೇ ಮೂಟೆಗೆ ಮೂರು ಚೀಟಿ ಕಟ್ಟಿದ ಹಾಗೆ. ಹಣ್ಣು = [] ಒಂದು ಸಾಲು, ಕಾಯಿ = [] ಇನ್ನೊಂದು, ಒಣಹಣ್ಣು = [] ಮತ್ತೊಂದು ಅಂತ ಬೇರೆ ಬೇರೆಯಾಗಿ ಬರೆದರೆ ಮುಗೀತು. (ಪೈಥಾನ್ 3ರಲ್ಲಿ ಕನ್ನಡದ ಹೆಸರಿಟ್ಟರೂ ನಡೆಯುತ್ತೆ, ನಾನಂತೂ ಹಾಗೇ ಇಡೋದು.) ಈ ಪ್ರಶ್ನೆಗೆ ಪೈಥಾನ್‌ನವರೇ ತಮ್ಮ ಅಧಿಕೃತ ಪ್ರಶ್ನೋತ್ತರ ಪುಟದಲ್ಲಿ ಉತ್ತರ ಬರೆದಿಟ್ಟಿದ್ದಾರೆ. ಮೇಲಿಂದ ಮೇಲೆ ಜನ ಕೇಳಿದ್ದಕ್ಕೇ ತಾನೇ ಬರೆದಿಟ್ಟಿರೋದು? ಕೇಳಿದವರೆಲ್ಲ ಏನೂ ಬಾರದವರಾ, ನೀನೇ ಹೇಳು.

ನಾನು ಮೈಸೂರು ಬಿಟ್ಟು ಬಂದಿದ್ದು ಹಾಸ್ಟೆಲ್ ಊಟ ಸೇರದೆ ಅಂತ ಅಣ್ಣ ಇವತ್ತಿಗೂ ಆಡಿಕೊಳ್ತಾನಲ್ಲ. ಊಟ ಚೆನ್ನಾಗೇ ಇತ್ತು ಪುಟ್ಟಿ. ಕನ್ನಡ ಮಾಧ್ಯಮದಲ್ಲಿ ಓದಿ ಹೋದವನು ನಾನು, ಅಲ್ಲಿ ಪಾಠವೆಲ್ಲ ಇಂಗ್ಲಿಷು. ಬೋರ್ಡಿನ ಮೇಲಿದ್ದದ್ದನ್ನ ಒಂದಕ್ಷರ ಬಿಡದೆ ಇಳಿಸಿಕೊಳ್ತಿದ್ದೆ, ಅರ್ಥ ಮಾತ್ರ ಆಗ್ತಿರಲಿಲ್ಲ. ಪಕ್ಕದಲ್ಲಿ ಕೂರ್ತಿದ್ದ ಹುಡುಗ ಒಂದು ದಿನ ನನ್ನ ನೋಟ್ಸು ಎಳೆದುಕೊಂಡು ನೋಡಿ, "ಎಷ್ಟು ನೀಟಾಗಿ ಬರ್ದಿದ್ದೀಯೋ, ಈ ಲೆಕ್ಕ ನಂಗೂ ಹೇಳ್ಕೊಡು" ಅಂದ. ತಲೆನೋವು ಅಂತ ಎದ್ದು ಹೊರಗೆ ಬಂದೆ. ಆಮೇಲೆ ಅವನ ಪಕ್ಕ ಕೂರಲೇ ಇಲ್ಲ. ವಾಪಸ್ ಬರುವಾಗ ರೈಲು ಹೊಳೆನರಸೀಪುರ ದಾಟಿದರೂ ಮನೆಯಲ್ಲಿ ಏನು ಹೇಳೋದು ತೋಚಿರಲಿಲ್ಲ. ಹಾಸನ ಬರೋ ಹೊತ್ತಿಗೆ ಊಟದ ನೆಪ ಸಿಕ್ಕಿತ್ತು. ತೋಟದ ಲೆಕ್ಕ ಬರೆಯೋ ಈ ರೈಟರ್ ಕೆಲಸ ಇಷ್ಟು ವರ್ಷ ಅನ್ನ ಹಾಕಿದೆ, ಅದರ ಬಗ್ಗೆ ದೂರಿಲ್ಲ. ಆದರೆ ಅವನಿಗೆ "ನಂಗೂ ಬರಲ್ಲ ಕಣೋ" ಅಂದಿದ್ದರೆ ಇಬ್ಬರೂ ಹೋಗಿ ಯಾರನ್ನಾದರೂ ಕೇಳ್ತಿದ್ದೆವೇನೋ. ಇದನ್ನ ಅಣ್ಣನಿಗೆ ಹೇಳಬೇಡ, ಅಥವಾ ಹೇಳು, ಈಗೇನು.

ನಿನ್ನ ಇನ್ನೊಂದು ತೊಂದರೆ, ಬಳಸೋರು ಹೆಸರು ಅಂಕಿ ಎಲ್ಲ ಒಂದೇ ಸಾಲಲ್ಲಿ ಹೊಡೀತಾರೆ ಅಂದಿದ್ದು, ನಂದೂ ಅದೇ. ಸಂಜೆ ಕಣದಲ್ಲಿ ತೂಕ ಹಾಕುವಾಗ "ಹಣ್ಣು 42 ಕಾಯಿ 6 ಒಣಹಣ್ಣು 3" ಅಂತ ಒಂದೇ ಉಸಿರಿಗೆ ಕೂಗ್ತಾರೆ, ನಾನು ಹಾಗೇ ಟೈಪ್ ಮಾಡ್ತೀನಿ. ಇನ್‌ಪುಟ್ ಕೈಗೆ ಕೊಡೋದು ಒಂದು ಉದ್ದನೆಯ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಅದನ್ನ ಸ್ಪ್ಲಿಟ್ ಮಾಡಿ, ಅಂದರೆ ಖಾಲಿ ಜಾಗ ಇದ್ದಲ್ಲೆಲ್ಲ ಕತ್ತರಿಸಿ, "ಪದಗಳು" ಅಂತ ಇಟ್ಟುಕೊಂಡರೆ, ಮೊದಲನೆಯದರಿಂದ ಒಂದು ಬಿಟ್ಟು ಒಂದು ತೆಗೆಯೋ ಪದಗಳು[0::2] ಹೆಸರಿನ ಪಟ್ಟಿ, ಎರಡನೆಯದರಿಂದ ಹಾಗೇ ತೆಗೆಯೋ ಪದಗಳು[1::2] ತೂಕದ ಪಟ್ಟಿ. ತೂಕ ಆಗಲೂ ಸ್ಟ್ರಿಂಗೇ, ಒಂದೊಂದನ್ನೂ ಇಂಟ್, ಅಂದರೆ ಪೂರ್ಣ ಸಂಖ್ಯೆ, ಮಾಡಿಕೋಬೇಕು. ೪೨ ಅಂತ ಕನ್ನಡ ಅಂಕಿ ಹೊಡೆದರೂ ಇಂಟ್ ಅದನ್ನ 42 ಅಂತಲೇ ಓದುತ್ತೆ, ಮೊದಲ ಸಲ ನೋಡಿ ಖುಷಿಯಾಗಿ ನಿಮ್ಮ ಚಿಕ್ಕಮ್ಮನನ್ನ ಕೂಗಿ ತೋರಿಸಿದೆ. 3.5 ಅಂದರೆ ಮಾತ್ರ ವ್ಯಾಲ್ಯೂಎರರ್ ಅಂತ ಕೂಗಿಕೊಳ್ಳುತ್ತೆ. ಅದಕ್ಕೆ ದಶಮಾಂಶ ಓದೋ ಫ್ಲೋಟ್ ಬೇಕು.

ಕೂಗಿಕೊಳ್ಳೋ ಎರರಿಗೆ ನನಗೆ ಹೆದರಿಕೆಯಿಲ್ಲ. ಕೊನೆಯ ತೂಕ ಹೊಡೆಯೋದು ಮರೆತರೆ ಹೆಸರು ಮೂರು, ತೂಕ ಎರಡು ಆಗುತ್ತೆ. ಆಗ ಎರಡು ಪಟ್ಟಿಯನ್ನೂ ಜಿಪ್ ಮಾಡಿದರೆ, ಅಂದರೆ ಜೋಡಿ ಜೋಡಿಯಾಗಿ ಸೇರಿಸಿದರೆ, ಮೂರನೇ ಹೆಸರನ್ನ ಸದ್ದಿಲ್ಲದೆ ಕೈಬಿಡುತ್ತೆ, ಲೆಕ್ಕ ಸರಿಯಿದ್ದಂತೆಯೇ ಕಾಣುತ್ತೆ. 2021ರಲ್ಲಿ ಬಂದ ಪೈಥಾನ್ 3.10ರಿಂದ ಜಿಪ್‌ಗೆ ಸ್ಟ್ರಿಕ್ಟ್ ಅನ್ನೋದನ್ನ ಟ್ರೂ ಮಾಡಿ ಕೊಟ್ಟರೆ, ಉದ್ದ ಹೊಂದದಿದ್ದಾಗ ಎರರ್ ಕೊಡುತ್ತೆ. ಅದನ್ನ ಹಾಕಿಕೋ.

ಮತ್ತೆ ಅಲ್ಲಿಗೇ ಬಂದೆ, ಬೇಜಾರು ಮಾಡ್ಕೋಬೇಡ. ಬೆಂಗಳೂರಿನ ಆಫೀಸುಗಳ ರೀತಿ ನನಗೆ ಗೊತ್ತಿಲ್ಲ, ಕೇಳಿದರೆ ನಗೋರೂ ಇರಬಹುದು. ಮೀಟಿಂಗಿನಲ್ಲಿ ಎಲ್ಲರ ಮುಂದೆ ಕೇಳು ಅಂತ ನಾನೂ ಹೇಳಲ್ಲ, ನನ್ನ ಕೈಲಿ ಆಗದ್ದನ್ನ ನಿನಗೆ ಹೇಗೆ ಹೇಳಲಿ. ಊಟಕ್ಕೆ ಜೊತೆಗೆ ಬರ್ತಾಳೆ ಅಂತ ಧಾರವಾಡದ ಹುಡುಗಿ ಬಗ್ಗೆ ಬರೆದಿದ್ದೀಯಲ್ಲ, ಅವಳೊಬ್ಬಳಿಗೆ ಪ್ರೋಗ್ರಾಂನ ಆ ಸಾಲು ತೋರಿಸು. ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಇಷ್ಟು ಹೇಳಿದರೆ ಸಾಕು. ಅವಳಿಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೇದೇ ಆಯ್ತು, ಜೊತೆಗೆ ಹೋಗಿ ಕೇಳಿ.

ಮುಂದಿನ ಕಾಗದದಲ್ಲಿ ಪ್ರೋಗ್ರಾಂ ಸರಿಹೋಯ್ತಾ ಅಂತ ಬರೆಯದಿದ್ದರೂ ನಡೆಯುತ್ತೆ. ಅವಳಿಗೆ ತೋರಿಸಿದೆಯಾ, ಅದನ್ನ ಬರಿ.

ಇಂತಿ,
ನಿನ್ನ ಚಿಕ್ಕಪ್ಪ