ಒಂದೇ ವೈರು, ಮನೆಗೊಂದು ರೇಟು

ಸಂಪಾದಕರೇ,

ನಮ್ಮ ಬಡಾವಣೆ ಇಂಟರ್ನೆಟ್ ರೇಟಿನ ಗಲಾಟೆ ಬಗ್ಗೆ ನಿನ್ನೆ ನಿಮ್ಮ ಪತ್ರಿಕೇಲಿ ಬಂದಿದ್ದು ಓದಿದೆ. "ಬೇರೆ ಬೇರೆ ಗ್ರಾಹಕರಿಗೆ ಬೇರೆ ಬೇರೆ ಆಫರ್ ಇರುತ್ತೆ, ಅದರಿಂದ ಎಲ್ಲರಿಗೂ ಅನುಕೂಲವೇ" ಅಂತ ಆ ಕಂಪನಿಯವರು ಹೇಳಿದಾರಲ್ಲ, ಆ ಮಾತಿಗೆ ಸುಮ್ನಿರಕ್ಕಾಗದೆ ಬರೀತಿದೀನಿ. ಎಲ್ಲರಿಗೂ ಅಂದ್ರೆ ಯಾರ್ಯಾರಿಗೆ?

ಸಾಲಗಾಮೆ ರಸ್ತೆ ಪಕ್ಕದ ನಮ್ಮ ಕ್ರಾಸಿಗೆ ಫೈಬರ್ ಎಳೆದಿರೋರು ಅವರೊಬ್ಬರೇ, ಮನೆ ಒಳಗೆ ಮೊಬೈಲ್ ಸಿಗ್ನಲ್ ಸಿಗಲ್ಲ. ನಾಲ್ಕು ವರ್ಷದಿಂದ ತಿಂಗಳಿಗೆ 825 ರೂಪಾಯಿ ಒಂದು ದಿನಾನೂ ತಡ ಮಾಡದೆ ಕಟ್ಟಿದೀನಿ. ಹೋದ ಸೋಮವಾರ ಪಕ್ಕದ ಮನೆಗೆ ಬಾಡಿಗೆಗೆ ಬಂದ ಹುಡುಗರಿಗೆ ಅದೇ ಪ್ಲಾನು ಅದೇ ಸ್ಪೀಡು 499ಕ್ಕೆ ಕೊಟ್ಟಿದಾರೆ, ಎದುರುಮನೆಯವರಿಗೆ 650. ಕಂಬ ಒಂದೇ, ವೈರು ಒಂದೇ, ರಿಪೇರಿಗೆ ಬರೋ ಹುಡುಗನೂ ಒಬ್ಬನೇ! ಕಂಪನಿಗೆ ಫೋನ್ ಮಾಡಿ ಕೇಳಿದ್ರೆ ಅಲ್ಲಿದ್ದ ಹುಡುಗ, "ಮೇಡಂ, ಕನೆಕ್ಷನ್ ಬಿಡ್ತೀನಿ ಅಂದವರಿಗೆ ಮಾತ್ರ ಕಮ್ಮಿ ಮಾಡಿ ಅಂತ ಹೇಳಿದಾರೆ" ಅಂದ. ಸರಿ, ಬಿಡ್ತೀನಿ ಅಂದೆ. ಮಾರನೇ ದಿನ ಬೆಳಿಗ್ಗೆ ನೆಟ್ಟೇ ಕಟ್. ಮೂರು ದಿನ ಇರಲಿಲ್ಲ. ಮೊಮ್ಮಗಳ ಆನ್‌ಲೈನ್ ಟೆಸ್ಟು ಹೋಯ್ತು, ನಮ್ಮನೆಯವರ ಔಷಧಿ ಆರ್ಡರ್ ಮಾಡಕ್ಕೆ ಒಂದು ಒಟಿಪಿಗೋಸ್ಕರ ಮಂಡಿನೋವು ಇಟ್ಕೊಂಡು ನಾನು ಮೂರು ಸಲ ಟೆರೇಸ್ ಹತ್ತಿ ಇಳಿದೆ, ಕೊನೆಗೆ "ಆಯ್ತಪ್ಪ 825ಏ ತಗೋ" ಅಂದ ಮೇಲೆ ಹತ್ತು ನಿಮಿಷದಲ್ಲಿ ಬಂತು.

ನಾನು 28 ವರ್ಷ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಹೇಳಿದವಳು. ಏಕಸ್ವಾಮ್ಯ ಇರೋನು, ಅಂದ್ರೆ ಮಾರೋಕೆ ತಾನೊಬ್ಬನೇ ಇರೋನು, ಬೆಲೆ ತಾರತಮ್ಯ ಮಾಡಿದ್ರೆ, ಅಂದ್ರೆ ಒಂದೇ ಮಾಲಿಗೆ ಒಬ್ಬೊಬ್ಬರ ಹತ್ರ ಒಂದೊಂದು ರೇಟ್ ತಗೊಂಡ್ರೆ, ಯಾವಾಗಲೂ ಅನ್ಯಾಯವೇ ಅಂತ ನಾನು ಯಾವತ್ತೂ ಹೇಳಿಕೊಟ್ಟಿಲ್ಲ. ಜೋನ್ ರಾಬಿನ್ಸನ್ ಅನ್ನೋ ಅರ್ಥಶಾಸ್ತ್ರಜ್ಞೆ 1933ರಲ್ಲೇ ಬರೆದಿದಾರೆ, ತಾರತಮ್ಯ ಬೇಡ ಅಂತ ತಡೆದ್ರೆ, ಒಂದೇ ರೇಟಲ್ಲಿ ಖರ್ಚು ಹುಟ್ಟದೆ ಕೆಲವು ಕಡೆ ರೈಲು ದಾರಿನೇ ಆಗಲ್ಲ, ಹಳ್ಳೀಲಿ ಡಾಕ್ಟರೇ ಬಂದು ಕೂರಲ್ಲ ಅಂತ. ನನ್ನ ತವರು ಸಕಲೇಶಪುರದ ಕಡೆ. ಅಲ್ಲಿದ್ದ ಡಾಕ್ಟರು ಎಸ್ಟೇಟ್ ಧಣಿಗಳ ಹತ್ರ ಜಾಸ್ತಿ ತಗೊಂಡು ತೋಟದ ಆಳುಗಳಿಗೆ ನಾಲ್ಕಾಣೆಗೋ ಎಂಟಾಣೆಗೋ ಸೂಜಿ ಚುಚ್ಚಿ ಕಳಿಸ್ತಿದ್ರು. ಯಾರೂ ಬೈತಿರಲಿಲ್ಲ, ಯಾಕಂದ್ರೆ ಅವರು ಹಾಗೆ ಮಾಡಿದ್ದರಿಂದಲೇ ಔಷಧಿ ಕಾಣದವರಿಗೆ ಔಷಧಿ ಸಿಕ್ತು. ಕರೆಂಟಿಗೂ ಮನೆಗೊಂದು ಅಂಗಡಿಗೊಂದು ರೇಟ್ ಇದೆ, ಆದ್ರೆ ಅದನ್ನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಎಲ್ಲರ ಎದುರು ವಿಚಾರಣೆ ಮಾಡಿ ಪ್ರಿಂಟ್ ಹಾಕಿ ಹೇಳುತ್ತೆ, ನನ್ನ ಮುಖ ನೋಡಿ ಅಲ್ಲ.

ಇಲ್ಲಿ ಹೊಸದಾಗಿ ಯಾರಿಗೆ ಸಿಕ್ತು ಹೇಳಿ? ಒಟ್ಟು ಮಾರಾಟ ಹೆಚ್ಚದೆ ಬರೀ ರೇಟ್ ಬೇರೆ ಬೇರೆ ಮಾಡಿದ್ರೆ ಸಮಾಜದ ಒಟ್ಟು ಹಿತ ಹೆಚ್ಚಲ್ಲ ಅಂತ ಹಾಲ್ ವೇರಿಯನ್ ಅನ್ನೋ ಅರ್ಥಶಾಸ್ತ್ರಜ್ಞ 1985ರಲ್ಲಿ ಲೆಕ್ಕ ಹಾಕಿ ತೋರಿಸಿದಾರೆ. ನಮ್ಮ ಕ್ರಾಸಿನ ಹಿಂದೆ ಕಾಲುವೆ ಆಚೆ ಹತ್ತು ಹನ್ನೆರಡು ಮನೆಗಳಿವೆ, ಅರ್ಜಿ ಕೊಟ್ಟು ಎರಡು ವರ್ಷ ಆಯ್ತು, ವೈರು ಬಂದಿಲ್ಲ. ಪಕ್ಕದ ಮನೆ ಹುಡುಗರಿಗಿಂತ ಜಾಸ್ತಿ ನಮ್ಮ ಹತ್ರ ಕಿತ್ಕೊಂಡ 326 ರೂಪಾಯಲ್ಲಿ ಅವರಿಗೆ ಕನೆಕ್ಷನ್ ಕೊಟ್ಟಿದ್ರೆ ನಾನು ಬಾಯಿ ಮುಚ್ಕೊಂಡು ಕಟ್ತಿದ್ದೆ. ಕಮ್ಮಿ ರೇಟ್ ಸಿಗ್ತಿರೋದು ಬಡವರಿಗಲ್ಲ, ಜೋರು ಮಾಡಕ್ಕೆ ಬರೋರಿಗೆ. ಜಾಸ್ತಿ ಕಟ್ತಿರೋದು ವಯಸ್ಸಾದವರು, ನಂಬಿದವರು.

ಇನ್ನು ನಮ್ಮನೆ ಕೆಲಸದ ಲಕ್ಷ್ಮಮ್ಮನ ಮನೆಗೆ 299ರ ಪ್ಲಾನ್ ಇದೆ. ಮಗಳ ವಿಡಿಯೋ ಪಾಠ ಸುತ್ತುತ್ತಾನೇ ಇರುತ್ತೆ. ಬಾಕ್ಸ್ ನಮ್ಮದೂ ಅವರದೂ ಒಂದೇ, ಸ್ಪೀಡ್ ಆಫೀಸಿಂದ ಇಳಿಸಿಟ್ಟಿರೋದು ಅಂತ ವೈರಿನ ಹುಡುಗನೇ ಹೇಳ್ದ. 1849ರಲ್ಲಿ ದ್ಯೂಪುಯಿ ಅನ್ನೋ ಫ್ರಾನ್ಸಿನ ಎಂಜಿನಿಯರ್ ಇದನ್ನೇ ಬರೆದಿದ್ದ. ರೈಲಿನ ಮೂರನೇ ಕ್ಲಾಸಿಗೆ ಚಾವಣಿ ಹಾಕದೆ ಬಿಟ್ಟಿರೋದು ಖರ್ಚು ಉಳಿಸಕ್ಕಲ್ಲ, ಎರಡನೇ ಕ್ಲಾಸಿಗೆ ದುಡ್ಡು ಕೊಡೋ ಶಕ್ತಿ ಇರೋರು ಇಲ್ಲಿ ಬಂದು ಕೂರಬಾರದು ಅಂತ. ಮಳೇಲಿ ನೆನೆದೋರು ಬಡವರು. ಈಗ ಆ ಮಗು.

2002ರ ಸ್ಪರ್ಧಾ ಕಾಯ್ದೆ 4ನೇ ಸೆಕ್ಷನ್ನಲ್ಲಿ, ಮಾರುಕಟ್ಟೆ ಕೈಲಿಟ್ಟುಕೊಂಡವರು ತಾರತಮ್ಯದ ಬೆಲೆ ಹೇರಿದ್ರೆ ಅದು ದುರುಪಯೋಗ ಅಂತಿದೆ. ಆದ್ರೆ ಒಂದು ಕ್ರಾಸಿನ ಜನ ದೂರು ಕೊಡಕ್ಕೆ ದೆಹಲೀಲಿರೋ ಸ್ಪರ್ಧಾ ಆಯೋಗದವರೆಗೆ ಹೋಗಕ್ಕಾಗುತ್ತಾ? ಇಲ್ಲಿನ ಕಚೇರಿಗೆ ಹೋದ್ರೆ "ಸಾಹೇಬ್ರು ಮೀಟಿಂಗಲ್ಲಿದಾರೆ". ಇನ್ನೊಂದು ಕಚೇರಿಗೆ ಹೋದ್ರೆ ಕಂಬ ನಮ್ದು, ವೈರು ನಮ್ದಲ್ಲ ಅಂತಾರೆ.

ಸಂಬಂಧಪಟ್ಟವರು ಯಾರೋ ಅವರು ಎಲ್ಲರಿಗೂ ಕಾಣೋ ಹಾಗೆ ರೇಟ್ ಬೋರ್ಡ್ ಹಾಕಿಸಲಿ, ಇನ್ನೊಂದು ಕಂಪನಿಗೂ ಕಂಬ ಬಿಟ್ಕೊಡಲಿ, ಎರಡೂ ಮಾಡಬೇಕು. ಕಾಲುವೆ ಆಚೆ ಮನೆಗಳಿಗೂ ವೈರು ಎಳೆಸಲಿ. ಸಂಬಳ ತಗೋತೀರಲ್ಲ, ಒಂದು ದಿನ ನಮ್ಮ ಕ್ರಾಸಿಗೆ ಬಂದು ಮನೆ ಮನೆ ಬಿಲ್ ನೋಡಿ.

ಇಂತಿ,
ನಿವೃತ್ತ ಉಪನ್ಯಾಸಕಿ, ಹಾಸನ