ನಿನ್ನ ನೋಟಿಸ್ ಬಂತು

ಪುಟ್ಟಿಗೆ ಅಪ್ಪನ ಆಶೀರ್ವಾದ.

ನನ್ನ ಒಡಹುಟ್ಟಿದ ನಿನ್ನ ಅತ್ತೆಯ ಪರವಾಗಿ, ತಾತನ ತೋಟದಲ್ಲಿ ಪಾಲು ಕೇಳಿ ನೀನು ಕಳಿಸಿದ ಲಾಯರ್ ನೋಟಿಸ್ ಬುಧವಾರ ಬಂತು. ಸಹಿ ಹಾಕಿ ತಗೊಂಡೆ. ಆಮೇಲೆ ಫೋನಿನಲ್ಲಿ ನಾನು ಆಡಿದ ಮಾತು ಅತಿಯಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಚಿಕ್ಕಪ್ಪ ಆಡಿದ್ದಕ್ಕೆ ಮಾತ್ರ ನಾನು ಜವಾಬ್ದಾರನಲ್ಲ.

ನೋಟಿಸ್ ಬಲು ಅಚ್ಚುಕಟ್ಟಾಗಿದೆ. ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾಗುವವರೆಗೆ ಇಂಥದ್ದನ್ನು ಹಿರಿಯ ವಕೀಲರ ಕೈಯಿಂದಲೂ ಕಂಡದ್ದು ಕಡಿಮೆ. ಆದರೆ ಆಸ್ತಿ ಷೆಡ್ಯೂಲಿನಲ್ಲಿ ಚಕ್ಕುಬಂದಿ ತಪ್ಪಿದೆ. ತೋಟದ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ. ನೀನು ತಿರುಗುಮುರುಗು ಬರೆದಿದ್ದೀಯ. ಪ್ರತಿವಾದಿ ಹೇಳಿಕೊಡುವ ಮಾತಲ್ಲ, ಆದರೂ ತಿದ್ದಿಕೋ.

ಕಾನೂನು ನಿಮ್ಮ ಕಡೆಗಿದೆ, ಗೊತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರ ನಮ್ಮ ರಾಜ್ಯದ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು. ಅತ್ತೆಗೆ ಅಷ್ಟರಲ್ಲಿ ಮದುವೆಯಾಗಿತ್ತು. 2005ರಲ್ಲಿ ಕೇಂದ್ರದವರು ಆ ಅಡ್ಡಿ ತೆಗೆದರು. 2015ರ ಫೂಲವತಿ ಕೇಸು, ಅದೂ ನಮ್ಮ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದದ್ದು, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಎಂದಿತು. ನಿನ್ನ ತಾತ ಅದಕ್ಕೂ ಮುಂಚೆಯೇ ಹೋಗಿದ್ದರು. ಆ ತೀರ್ಪು ಓದಿ ನಾನು ನೆಮ್ಮದಿಯಾಗಿ ಮಲಗಿದೆ ಅಂದರೆ ನಿನಗೆ ಸಿಟ್ಟು ಬರುತ್ತೆ, ಬರಲಿ. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಅದನ್ನೂ ಅಳಿಸಿತು: ತಂದೆ ಇದ್ದರೂ ಇಲ್ಲದಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು. ನಾವು ಅಣ್ಣತಮ್ಮ ಮಾಡಿಕೊಂಡದ್ದು ಪಂಚಾಯ್ತಿ ಪಾರಿಕತ್ತು, ರಿಜಿಸ್ಟರ್ ಆಗದ ಪಾಲುಪತ್ರ. 2004ರ ಡಿಸೆಂಬರ್ 20ಕ್ಕೆ ಮುಂಚೆ ಅದು ರಿಜಿಸ್ಟರ್ ಆಗಿದ್ದಿದ್ದರೆ ಮಾತು ಬೇರೆ. ಬರೀ ಪಹಣಿ ಹಿಡಿದು ಎಷ್ಟು ದೂರ ಓಡಲಿ?

ನೀನು ಗೆದ್ದೇ ಗೆಲ್ಲುತ್ತೀಯ. ಆಮೇಲೆ?

ಪ್ರಾಥಮಿಕ ಡಿಕ್ರಿಯಾದ ದಿನ ಕಕ್ಷಿದಾರರು ಪೇಡ ಹಂಚುತ್ತಿದ್ದರು. ಮೂರರಲ್ಲಿ ಒಂದು ಪಾಲು ಅಂತ ಕಾಗದದಲ್ಲಿ ಆಯಿತು; ನೆಲದ ಮೇಲೆ ಅದು ಎಲ್ಲಿ ಅನ್ನುವುದಕ್ಕೆ ಎಫ್‌ಡಿಪಿ, ಅಂದರೆ ಅಂತಿಮ ಡಿಕ್ರಿಯ ನಡಾವಳಿ. ತವರಿನ ಪಾಲಿಗೆ ದಾವೆ ಹಾಕಿದ್ದ ಒಬ್ಬ ಹೆಂಗಸಿದ್ದರು. ಡಿಕ್ರಿಯಾದಾಗ ಅವರ ತಲೆಯಲ್ಲಿ ಒಂದು ನರೆ ಇರಲಿಲ್ಲ. ಕೋರ್ಟು ನೇಮಿಸಿದ ಕಮಿಷನರ್ ಹೋದ ದಿನ ಸರ್ವೆಯರ್ ಇಲ್ಲ, ಸರ್ವೆಯರ್ ಬಂದ ದಿನ ತಕರಾರು. ಅಷ್ಟರಲ್ಲಿ ಅವರ ಅಣ್ಣ ತೀರಿಕೊಂಡರು, ವಾರಸುದಾರರನ್ನು ಸೇರಿಸಬೇಕು. ತಿದ್ದುಪಡಿ ನನ್ನ ಟೇಬಲ್ ಮೇಲೇ ಆಗುತ್ತಿತ್ತು, ಕೆಂಪು ಇಂಕಿನಲ್ಲಿ: ಅಣ್ಣನ ಜಾಗಕ್ಕೆ 2(ಎ), 2(ಬಿ), ಅವರೂ ಹೋದ ಮೇಲೆ 2(ಬಿ)(1). ಪಕ್ಷಗಾರರ ಹೆಸರೇ ಮೂರು ಹಾಳೆ ತುಂಬಿತು. ಕೊನೆಗೆ ಆ ಹೆಂಗಸಿನ ಹೆಸರಿಗೂ ಗೆರೆ ಎಳೆದು ಕೆಳಗೆ 1(ಎ) ಅಂತ ಮಗನನ್ನು ಬರೆದರು. ತೋಟಕ್ಕೆ ಯಾವ ಬಸ್ಸು ಅಂತ ಅವನು ನನ್ನನ್ನೇ ಕೇಳಿದ.

ಪ್ರಾಥಮಿಕ ಡಿಕ್ರಿಯಾದ ಮೇಲೆ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಅಂತಿಮ ಡಿಕ್ರಿಗೆ ಮುಂದುವರಿಯಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಅನ್ನುತ್ತೀಯ. ಸರಿ. ಸರ್ವೆಯರಿಗೆ ಅದನ್ನು ಓದಿ ಹೇಳುವವರು ಯಾರು? ಆ ಹೆಂಗಸು ಪ್ರತಿ ವಾಯಿದೆಗೂ "ಏನಾಯ್ತಪ್ಪ?" ಅನ್ನುತ್ತಿದ್ದರು, ನಾನು ಮುಂದಿನ ತಾರೀಖು ಹೇಳುತ್ತಿದ್ದೆ. ನಿನ್ನ ಅತ್ತೆಗೆ ಈಗಲೇ ಮಂಡಿನೋವು.

ಇನ್ನೊಂದು ಮಾತು. ಕಕ್ಷಿದಾರರ ಸಿಟ್ಟನ್ನು ವಕೀಲರು ಮೈಮೇಲೆ ಎಳೆದುಕೊಳ್ಳಬಾರದು. ಡೈರಿ ದಿನಾ ಬರೆ. ಮೂಲಪತ್ರ ಕೈಯಲ್ಲಿ ಇಟ್ಟುಕೊಳ್ಳಬೇಡ, ಜೆರಾಕ್ಸ್ ಸಾಕು. ಅತ್ತೆಯಿಂದ ಫೀಸು ತಗೊಂಡೆಯಾ? ತಗೋ. ಬಿಟ್ಟಿ ಕೇಸನ್ನು ಕಕ್ಷಿದಾರರೇ ಲೆಕ್ಕಕ್ಕಿಡುವುದಿಲ್ಲ. ಭಾಷಣ ಆಯಿತು, ನಿನ್ನಮ್ಮ ಬೈಯುತ್ತಿದ್ದಾಳೆ.

ನೀನು ಕೊಟ್ಟ ಗಡುವು ಮುಗಿಯುವ ಮುಂಚೆ ಅತ್ತೆಯನ್ನು ಕರೆದುಕೊಂಡು ಬಾ. ಕೊಳವೆಬಾವಿ ಇರುವ ಭಾಗವೇ ಬೇಕಾ ಅಂತ ಕೇಳಿಕೋ, ನೋಟಿಸಿನಲ್ಲಿ ಅದಿಲ್ಲ. ಪಾಲು ಗುರುತಿಸಿ ಸರ್ವೆಯವರು ಕೊಡುವ 11ಇ ನಕ್ಷೆಗೆ ಅರ್ಜಿ ನಾನು ಹಾಕುತ್ತೇನೆ, ಪಾಲುಪತ್ರದ ಕರಡು ನೀನು ಬರೆ. ಈ ಸಲ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೇ ಆಗಲಿ. ಚಿಕ್ಕಪ್ಪ ಕೂಗಾಡುತ್ತಾನೆ. ನೀನು ಸೆಕ್ಷನ್ ಹೇಳಲು ಹೋಗಬೇಡ, ಅವನನ್ನು ನನಗೆ ಬಿಡು.

ಇತಿ,
ಅಪ್ಪ